ಮದುವೆ ನೋಂದಣಿ ಮತ್ತು ಪಕ್ಷಗಳ ನಿಲುವು

ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಜಾತಿ-ಧರ್ಮ ಮೀರಿ ಮದುವೆಯಾಗುವವರಿಗೆ ಆಸರೆ 1954ರ ವಿಶೇಷ ವಿವಾಹ ಕಾಯ್ದೆ. ಗಂಡಿಗೆ 21, ಹೆಣ್ಣಿಗೆ 18 ವರ್ಷ ತುಂಬಿರಬೇಕು. 30 ದಿನಗಳ ನೋಟಿಸ್ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು. ಆ ಹಾಳೆಯಲ್ಲಿ ಇಬ್ಬರು ಗಂಡಸರ, ಇಬ್ಬರು ಹೆಂಗಸರ ಹೆಸರಿಗೆ ಜಾಗವಿಲ್ಲ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಈ ಸಲಿಂಗ ಮದುವೆಯ ಪ್ರಶ್ನೆಯನ್ನು ಶಾಸನಸಭೆಗಳಿಗೇ ಬಿಟ್ಟಿತು.

ಅಲ್ಲಿಗೆ ವಿಷಯ ರಾಜಕಾರಣಿಗಳ ಕೈಸೇರಿತು.

ಆದರೆ ಎಡ-ಬಲದ ಲೆಕ್ಕ ಇಲ್ಲಿ ಸಲೀಸಾಗಿ ಕೂಡುವುದಿಲ್ಲ. ಕೇಂದ್ರದ ಬಿಜೆಪಿ ಸರ್ಕಾರ ಭಾರತೀಯ ಕುಟುಂಬದ ಕಲ್ಪನೆಯನ್ನು ಮುಂದಿಟ್ಟು ವಿರೋಧಿಸಿತು. ಸೊರಬ ಸೀಮೆಯವರಾದ ಆರೆಸ್ಸೆಸ್ ನಾಯಕ ದತ್ತಾತ್ರೇಯ ಹೊಸಬಾಳೆ 2016ರಲ್ಲಿ ಸಲಿಂಗಕಾಮವನ್ನು ಅಪರಾಧವೆಂದು ಕಾಣಬಾರದು ಎಂದಿದ್ದರು; 2023ರಲ್ಲಿ, ಮದುವೆ ಮಾತ್ರ ಗಂಡು-ಹೆಣ್ಣಿನ ನಡುವೆಯೇ ಎಂದರು. ಜಮೀಯತ್ ಉಲಮಾ-ಎ-ಹಿಂದ್ ಕೂಡ ಕೋರ್ಟಿನಲ್ಲಿ ವಿರೋಧಿಸಿತು. ಆಗ ಕಾಂಗ್ರೆಸ್ ಆಳುತ್ತಿದ್ದ ರಾಜಸ್ಥಾನವೂ ಬೇಡವೆಂದಿತು. ಎನ್‌ಸಿಪಿಯ ಸುಪ್ರಿಯಾ ಸುಳೆ ಮಾತ್ರ 2022ರಲ್ಲೇ ಲೋಕಸಭೆಯಲ್ಲಿ ಇದರ ಪರ ಖಾಸಗಿ ಮಸೂದೆ ಮಂಡಿಸಿದ್ದರು.

ಶರಣರಾದ ಹರಳಯ್ಯ-ಮಧುವರಸರ ಮಕ್ಕಳ ಜಾತಿ ಮೀರಿದ ಮದುವೆಗೆ ಕಲ್ಯಾಣವೇ ಹೊತ್ತಿ ಉರಿದ ಕಥೆಯನ್ನು ಈ ಸೀಮೆ ಇಂದಿಗೂ ಹೇಳಿಕೊಳ್ಳುತ್ತದೆ. ಯಾರು ಯಾರನ್ನು ಮದುವೆಯಾಗಬಹುದೆಂಬ ಪ್ರಶ್ನೆ ಇಲ್ಲಿಯದಲ್ಲ ಎನ್ನುವುದು ಒಪ್ಪುವ ಮಾತಲ್ಲ.

2023ರಲ್ಲಿ ಈ ಮೂರೂ ಕ್ಷೇತ್ರಗಳು ಕಾಂಗ್ರೆಸ್ ಶಾಸಕರನ್ನು ಆರಿಸಿದವು. ಮರುವರ್ಷ ಆಳಂದ ಸೇರಿರುವ ಬೀದರ್‌ನಿಂದಲೂ ಉಳಿದೆರಡು ಸೇರಿರುವ ಕಲಬುರಗಿಯಿಂದಲೂ ಕಾಂಗ್ರೆಸ್ಸಿಗರೇ ಲೋಕಸಭೆಗೆ ಹೋದರು. ವ್ಯಾಪಕ ಸಮಾಲೋಚನೆಯ ನಂತರ ಸಲಿಂಗಿ ಜೋಡಿಗಳ ಸಿವಿಲ್ ಯೂನಿಯನ್‌ಗೆ (ಮದುವೆಯಲ್ಲದ ಕಾನೂನುಬದ್ಧ ಜೊತೆಬಾಳಿಗೆ) ಮಾನ್ಯತೆ ಕೊಡುವ ಕಾನೂನು ತರುತ್ತೇವೆಂದು ಆ ಪಕ್ಷ 2024ರ ಪ್ರಣಾಳಿಕೆಯಲ್ಲಿ ಬರೆದಿತ್ತು. ಪಿಂಚಣಿ, ವಾರಸುದಾರಿಕೆಯಂಥ ಹಕ್ಕುಗಳ ಮಾತಿದು. ಆ ಸಾಲು ಏನಾಯಿತೆಂದು ಈ ತಾಲ್ಲೂಕುಗಳ ಮತದಾರರು ತಮ್ಮ ಸಂಸದರನ್ನು ಕೇಳಲೇಬೇಕು.