ಬೇರೆಯವರ ಅಡುಗೆಮನೆಯಲ್ಲಿ ಕರ್ನಲ್

ಮ್ಯಾಕ್‌ಬುಕ್ ಮೇಲೆ ಲಿನಕ್ಸ್ ಕರ್ನಲ್ ಕಂಪೈಲ್ ಮಾಡ್ತೀನಿ ಅಂತ ಯಾರಿಗಾದ್ರೂ ಹೇಳಿ ನೋಡಿ. ಕಂಪ್ಯೂಟರ್ ಗೊತ್ತಿಲ್ಲದವರಾದ್ರೆ ತಲೆಯಾಡಿಸಿ ಸುಮ್ಮನಾಗ್ತಾರೆ. ಗೊತ್ತಿರೋರಾದ್ರೆ "ಯಾಕೆ ಮಾರಾಯ?" ಅಂತಾರೆ. ಹಿಂದೆಯೇ ಬರೋ ಸಲಹೆಗಳು ನನಗೀಗ ಬಾಯಿಪಾಠ: ಡಾಕರ್ ಹಾಕು, ವರ್ಚುವಲ್ ಮೆಷೀನ್ ಹಾಕು, ಕ್ಲೌಡಲ್ಲಿ ಒಂದು ಸರ್ವರ್ ತಗೋ. ಒಳ್ಳೆಯ ಸಲಹೆಗಳೇ. ಆದ್ರೆ ಮೂರರ ಅರ್ಥವೂ ಒಂದೇ: ಲಿನಕ್ಸ್ ಕಟ್ಟಬೇಕಂದ್ರೆ ನಿನ್ನ ಹತ್ರ ಮೊದಲೇ ಲಿನಕ್ಸ್ ಇರಬೇಕು. ಮ್ಯಾಕ್ ಮೇಲಿನ ಡಾಕರ್ ಕೂಡ ಒಳಗೊಳಗೆ ಓಡಿಸೋದು ಒಂದು ಪುಟ್ಟ ಲಿನಕ್ಸ್ ವರ್ಚುವಲ್ ಮೆಷೀನನ್ನೇ.

ಈ ನಿಯಮ ಲಿನಕ್ಸ್‌ನ ಅಪ್ಪನಿಗೇ ಅನ್ವಯಿಸಿರಲಿಲ್ಲ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಮೊದಲ ಆವೃತ್ತಿ ಬರೆದಾಗ ಅದನ್ನು ಕಂಪೈಲ್ ಮಾಡಿದ್ದು ಮಿನಿಕ್ಸ್ ಅನ್ನೋ ಬೇರೆಯದೇ ಆಪರೇಟಿಂಗ್ ಸಿಸ್ಟಮ್ ಮೇಲೆ. ಲಿನಕ್ಸ್ ತನ್ನನ್ನು ತಾನೇ ಕಟ್ಟಿಕೊಳ್ಳೋ ಹಂತಕ್ಕೆ ಬರೋಕೆ ಇನ್ನೂ ಕೆಲವು ತಿಂಗಳು ಬೇಕಾಯ್ತು. ಅದಕ್ಕೂ ಮುಂಚೆ, 1969ರಲ್ಲಿ, ಕೆನ್ ಥಾಂಪ್ಸನ್ ಯುನಿಕ್ಸ್‌ನ ಮೊದಲ ತುಣುಕುಗಳನ್ನು ಬೆಲ್ ಲ್ಯಾಬ್ಸ್‌ನ ದೊಡ್ಡದೊಂದು ಜಿಇ ಕಂಪ್ಯೂಟರಲ್ಲಿ ತಯಾರಿಸಿ, ಕಾಗದದ ಟೇಪಿನಲ್ಲಿ ತೂತು ಹೊಡೆಸಿ, ಆ ಟೇಪನ್ನು ಕೈಯಲ್ಲಿ ಹಿಡಿದು ಪಿಡಿಪಿ-7ಗೆ ಒಯ್ದು ತಿನ್ನಿಸುತ್ತಿದ್ದರು. ಅಂದ್ರೆ ಎಲ್ಲ ಆಪರೇಟಿಂಗ್ ಸಿಸ್ಟಮ್‌ಗಳೂ ಹುಟ್ಟೋದು ಬೇರೆಯವರ ಮನೆಯಲ್ಲೇ. ದೊಡ್ಡವರಾದ ಮೇಲೆ ಮರೆತುಬಿಡ್ತವೆ, ಅಷ್ಟೆ.

ಒಂದು ಯಂತ್ರದಲ್ಲಿ ಕೂತು ಇನ್ನೊಂದು ಯಂತ್ರಕ್ಕೆ ಬೇಕಾದ ಪ್ರೋಗ್ರಾಂ ತಯಾರಿಸೋದಕ್ಕೆ ಕ್ರಾಸ್-ಕಂಪೈಲ್ ಅಂತಾರೆ. ನಿಮ್ಮ ಆಂಡ್ರಾಯ್ಡ್ ಫೋನಿನ ಕರ್ನಲ್, ಮನೆಯ ವೈಫೈ ರೌಟರಿನ ಸಾಫ್ಟ್‌ವೇರ್, ಎಲ್ಲ ಹೀಗೆ ಹುಟ್ಟಿದ್ದೇ. ಅದರಲ್ಲೇನೂ ವಿಶೇಷ ಇಲ್ಲ. ವಿಶೇಷ ಇರೋದು ಅಡುಗೆ ಮಾಡೋ ಜಾಗ ಬದಲಾದಾಗ. ಸಾಸಿವೆ ಡಬ್ಬಿ ಎಲ್ಲಿದೆ ಅಂತ ಹುಡುಕೋವಾಗಲೇ ಗೊತ್ತಾಗೋದು, ನಮ್ಮನೆಯಲ್ಲಿ ಅದನ್ನು ಕಣ್ಣು ಮುಚ್ಚಿಕೊಂಡು ತಗೋತಿದ್ವಿ ಅಂತ.

ಮೊದಲ ತೊಂದರೆ ಶುರುವಾಗೋದು ಕಂಪೈಲ್ ಮಾಡೋಕೂ ಮುಂಚೆ, ಕೋಡ್ ಡೌನ್‌ಲೋಡ್ ಮಾಡುವಾಗಲೇ. ಕರ್ನಲ್‌ನ ನೆಟ್‌ವರ್ಕ್ ಭಾಗದಲ್ಲಿ ಕೆಲವು ಫೈಲುಗಳ ಜೋಡಿಗಳಿವೆ. ಎರಡರ ಹೆಸರೂ ಒಂದೇ, ಆದ್ರೆ ಒಂದು ಇಂಗ್ಲಿಷಿನ ದೊಡ್ಡಕ್ಷರದಲ್ಲಿ, ಇನ್ನೊಂದು ಚಿಕ್ಕಕ್ಷರದಲ್ಲಿ. ಚಿಕ್ಕಕ್ಷರದ್ದು ಪ್ಯಾಕೆಟ್ ಗುರುತಿಸೋಕೆ, ದೊಡ್ಡಕ್ಷರದ್ದು ಆ ಪ್ಯಾಕೆಟ್ಟಿಗೆ ಏನು ಮಾಡಬೇಕು ಅಂತ ಹೇಳೋಕೆ. ಮ್ಯಾಕ್‌ನ ಡಿಸ್ಕ್ ಈ ವ್ಯತ್ಯಾಸವನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಎರಡೂ ಒಂದೇ ಅಂದುಕೊಂಡು ಒಂದರ ಮೇಲೊಂದು ಬರೆದುಬಿಡುತ್ತೆ. ಗಿಟ್ ಎಚ್ಚರಿಕೆ ಕೊಡುತ್ತೆ ನಿಜ, ಆದ್ರೆ ಕೋಡ್ ಆಗಲೇ ಊನವಾಗಿರುತ್ತೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ-ಚಿಕ್ಕಕ್ಷರ ಇಲ್ಲ, ಹಾಗಾಗಿ ಈ ಫೈಲುಗಳ ಹೆಸರನ್ನು ಇಲ್ಲಿ ಬೇರೆಬೇರೆಯಾಗಿ ಬರೆದು ತೋರಿಸೋಕೂ ನನಗಾಗಲ್ಲ! ಹೀಗೆ ಯೋಚಿಸಿ: ಹಲ್ಲಿ ಮತ್ತು ಹಳ್ಳಿ ಎರಡೂ ಒಂದೇ ಅನ್ನೋ ಗುಮಾಸ್ತನಿಗೆ ಪಂಚಾಯ್ತಿ ಕಡತ ಒಪ್ಪಿಸಿದ ಹಾಗೆ.

ಪರಿಹಾರ ಸುಲಭ. ಡಿಸ್ಕ್ ಯುಟಿಲಿಟಿಯಲ್ಲಿ ಅಕ್ಷರಭೇದ ಪಾಲಿಸೋ ಒಂದು ಡಿಸ್ಕ್ ಇಮೇಜ್ ಮಾಡಿಕೊಂಡು ಕೋಡನ್ನು ಅಲ್ಲಿ ಇಟ್ಟರಾಯ್ತು. ಐದು ನಿಮಿಷದ ಕೆಲಸ, ಗೊತ್ತಿದ್ದರೆ.

ಆಮೇಲೆ ಪಾತ್ರೆಪಗಡೆ. ಮ್ಯಾಕ್ ಜೊತೆ ಬರೋ ಮೇಕ್ 3.81, ಅಂದ್ರೆ 2006ರದ್ದು. ಬ್ಯಾಶ್ 3.2, ಅದೂ ಅದೇ ಕಾಲದ್ದು. ಇದು ಸೋಮಾರಿತನವಲ್ಲ. ಅಲ್ಲಿಂದ ಮುಂದಿನ ಆವೃತ್ತಿಗಳು ಜಿಪಿಎಲ್ 3 ಲೈಸೆನ್ಸಿಗೆ ಹೋದವು, ಆಪಲ್ ಆ ಲೈಸೆನ್ಸಿನಿಂದ ದೂರ ಉಳಿಯಿತು. ಈಗಿನ ಕರ್ನಲ್‌ಗೆ ಆ ಮೇಕ್ ಸಾಲದು. ಸೆಡ್ ಕೂಡ ಇದೆ, ಆದ್ರೆ ಬಿಎಸ್‌ಡಿ ಮನೆತನದ್ದು. ಲಿನಕ್ಸಿನವರು ಬರೆದ ಸ್ಕ್ರಿಪ್ಟ್‌ಗೆ ಅದು ಧಾರವಾಡದ ಮಾತಿಗೆ ಮಂಗಳೂರಿನವರು ಉತ್ತರ ಕೊಟ್ಟ ಹಾಗೆ ಉತ್ತರಿಸುತ್ತೆ. ಭಾಷೆ ಒಂದೇ, ಆದ್ರೂ ಒಂದು ಕ್ಷಣ ಇಬ್ಬರೂ ಮುಖ ಮುಖ ನೋಡಿಕೊಳ್ತಾರೆ. ಹೋಮ್‌ಬ್ರೂನಿಂದ ಗ್ನೂ ಆವೃತ್ತಿಗಳನ್ನು ತರಿಸಿಕೊಂಡು ಪಾಥ್‌ನಲ್ಲಿ ಮುಂದೆ ಕೂರಿಸಬೇಕು. ಕಂಪೈಲರ್ ವಿಷಯದಲ್ಲಿ ಮಾತ್ರ ಅದೃಷ್ಟ ಒಳ್ಳೆಯದು. ಜಿಸಿಸಿ ಆದ್ರೆ ಒಂದೊಂದು ಗುರಿಗೂ ಒಂದೊಂದು ಪ್ರತ್ಯೇಕ ಕಂಪೈಲರ್ ಕಟ್ಟಬೇಕು. ಕ್ಲ್ಯಾಂಗ್ ಒಂದೇ ಪ್ರೋಗ್ರಾಂ, ಯಾವ ಗುರಿ ಹೇಳಿದರೂ ಅದಕ್ಕೆ ಕೋಡ್ ಕೊಡುತ್ತೆ. ಅದರ ಜೊತೆ ಎಲ್‌ಎಲ್‌ಡಿ ಲಿಂಕರ್ ಹಾಕಿಕೊಂಡರೆ ಮುಖ್ಯ ಅಡುಗೆ ಸಿದ್ಧ.

ನಿಜವಾದ ಪಾಠ ಇರೋದು ಇದರಾಚೆ. ಆಪಲ್ ಸಿಲಿಕಾನ್ ಮ್ಯಾಕ್ ಕೂಡ ಆರ್ಮ್, ನಾನು ಕಟ್ಟುತ್ತಿದ್ದ ಕರ್ನಲ್ ಕೂಡ ಆರ್ಮ್. ಪ್ರೊಸೆಸರ್ ಒಂದೇ ಆದಮೇಲೆ ಕ್ರಾಸ್ ಎಲ್ಲಿಂದ ಬಂತು? ಕರ್ನಲ್ ತಾನು ಹುಟ್ಟೋ ಮುಂಚೆ ತನ್ನ ಸೂಲಗಿತ್ತಿಯರನ್ನು ಹುಟ್ಟಿಸಿಕೊಳ್ಳುತ್ತೆ. ಫಿಕ್ಸ್‌ಡೆಪ್, ಕೆಕಾನ್ಫಿಗ್, ಮಾಡ್‌ಪೋಸ್ಟ್ ಅನ್ನೋ ಸಣ್ಣ ಸಣ್ಣ ಪ್ರೋಗ್ರಾಂಗಳು ಮೊದಲು ಕಂಪೈಲ್ ಆಗಿ, ಅದೇ ಯಂತ್ರದಲ್ಲಿ ಓಡಿ, ಉಳಿದ ಕೆಲಸಕ್ಕೆ ನೆರವಾಗ್ತವೆ. ಇವು ಓಡಬೇಕಾದ್ದು ಮ್ಯಾಕ್ ಮೇಲೆ. ಆದ್ರೆ ಮಾಡ್‌ಪೋಸ್ಟ್ ಪರೀಕ್ಷಿಸೋದು ಲಿನಕ್ಸ್‌ನ ಎಲ್ಫ್ ಫೈಲುಗಳನ್ನು. ಹಾಗಾಗಿ ಅದಕ್ಕೆ ಎಲ್ಫ್ ರಚನೆ ವಿವರಿಸೋ ಹೆಡರ್ ಫೈಲ್ ಬೇಕು. ಲಿನಕ್ಸಲ್ಲಿ ಅದು ಸಿ ಲೈಬ್ರರಿಯ ಜೊತೆಗೇ ಬರುತ್ತೆ. ಮ್ಯಾಕ್ ಬಳಸೋದು ಮ್ಯಾಕ್-ಓ ಅನ್ನೋ ಬೇರೆ ರಚನೆ, ಆ ಹೆಡರ್ ಅಲ್ಲಿ ಇಲ್ಲವೇ ಇಲ್ಲ. ತಂದು ಕೊಡಬೇಕು, ಅದೂ ಸೂಲಗಿತ್ತಿಗೆ ಮಾತ್ರ, ಮಗುವಿಗೆ ಸೋಕದ ಹಾಗೆ. ಅದು ಮುಗಿದರೆ ಇನ್ನೊಂದು: ಯುಯುಐಡಿ ಅನ್ನೋ ಟೈಪಿಗೆ ಕರ್ನಲ್‌ನ ಆ ಪ್ರೋಗ್ರಾಂ ತನ್ನದೇ ಹೆಸರಿಟ್ಟುಕೊಂಡಿದೆ, ಮ್ಯಾಕ್‌ನ ಹೆಡರ್‌ಗಳಲ್ಲಿ ಅದೇ ಹೆಸರು ಆಗಲೇ ಇದೆ. ಒಂದೇ ಕ್ಲಾಸಲ್ಲಿ ಇಬ್ಬರು ಮಂಜುನಾಥ. ಒಬ್ಬರಿಗೆ ಇನಿಷಿಯಲ್ ಸೇರಿಸಬೇಕು.

ಇಷ್ಟೆಲ್ಲ ಯಾಕೆ? ನನಗೆ ಒಂದು ಕಾರಣ ಇತ್ತು. ಪರಿಚಯದ ಹುಡುಗಿಯೊಬ್ಬಳು ಬೆಂಗಳೂರಿನಲ್ಲಿ ವೆಬ್ ಡೆವಲಪರ್. ಕರ್ನಲ್ ಕಲಿಯೋ ಆಸೆ. ಅವಳ ಹತ್ರ ಇದ್ದದ್ದು ಇಎಂಐ ಮೇಲೆ ಕೊಂಡ 8 ಜಿಬಿಯ ಮ್ಯಾಕ್‌ಬುಕ್ ಏರ್ ಒಂದೇ. ಅದರಲ್ಲಿ ಅರ್ಧ ಮೆಮೊರಿ ವರ್ಚುವಲ್ ಮೆಷೀನಿಗೆ ಕೊಟ್ಟರೆ ಬ್ರೌಸರ್ ಕೂಡ ತೆವಳುತ್ತೆ. ಒಂದು ಮೀಟಪ್ಪಿನಲ್ಲಿ ಕೇಳಿದ್ದಕ್ಕೆ "ಮೊದಲು ಲಿನಕ್ಸ್ ಲ್ಯಾಪ್‌ಟಾಪ್ ತಗೊಂಡು ಬಾ" ಅಂದರಂತೆ. ಹೇಳಿದವರದ್ದು ಕೆಟ್ಟ ಮನಸ್ಸೇನಲ್ಲ, ಅವರ ಮನೆಯಲ್ಲಿ ಸಾಸಿವೆ ಡಬ್ಬಿ ಯಾವಾಗಲೂ ಅಲ್ಲೇ ಇತ್ತು. ಆದ್ರೆ ಆ ಮಾತು ಕೇಳಿದ ಮೇಲೆ ಎಷ್ಟು ಜನ ಮತ್ತೆ ಬರ್ತಾರೆ?

ಮೂರು ಶನಿವಾರ ಕೂತ್ವಿ. ಮೂರನೇ ಶನಿವಾರ ಸಂಜೆ ಕ್ಯೂಎಂಯುನಲ್ಲಿ ಕರ್ನಲ್ ಬೂಟ್ ಆಯ್ತು. ಸಾಲು ಸಾಲಾಗಿ ಅಕ್ಷರ ಹರಿದು ಕೊನೆಗೆ "ಪ್ಯಾನಿಕ್, ರೂಟ್ ಫೈಲ್‌ಸಿಸ್ಟಮ್ ಸಿಗಲಿಲ್ಲ" ಅಂತ ನಿಂತಿತು. ನಾವಿನ್ನೂ ಫೈಲ್‌ಸಿಸ್ಟಮ್ ಕೊಟ್ಟೇ ಇರಲಿಲ್ಲ, ಹಾಗಾಗಿ ಅಲ್ಲಿ ನಿಲ್ಲಲೇಬೇಕಿತ್ತು. ಪ್ಯಾನಿಕ್ ಆಗೋಕೂ ಕರ್ನಲ್ ಬದುಕಿರಬೇಕಲ್ಲ. ಅವಳು ಬೂಟ್ ಆಗೋ ಜಾಗದಲ್ಲಿ ತನ್ನದೊಂದು ಸಾಲು ಸೇರಿಸಿ, ಮತ್ತೆ ಕಟ್ಟಿ, ಪರದೆ ಮೇಲೆ ತನ್ನ ಹೆಸರು ಹಾದುಹೋಗೋದನ್ನು ನೋಡಿದಳು. ನೋಡಿ, "ಇದು ಇಷ್ಟೇನಾ!" ಅಂದಳು. ಕರ್ನಲ್ ಬಗ್ಗೆ ಯಾರಾದ್ರೂ ಹಾಗಂದಿದ್ದು ನಾನು ಕೇಳಿದ್ದು ಅದೇ ಮೊದಲು.

ದಿನದ ಸಂಬಳದ ಕೆಲಸಕ್ಕೆ ನೀವು ಡಾಕರ್ರೇ ಬಳಸಿ, ನಾನೂ ಅದನ್ನೇ ಮಾಡ್ತೀನಿ. ಹೊಸ ಆವೃತ್ತಿ ಬಂದಾಗ ಮ್ಯಾಕ್ ಮೇಲಿನ ಈ ಏರ್ಪಾಡಿನಲ್ಲಿ ಏನಾದ್ರೂ ಒಂದು ಮುರಿಯಬಹುದು, ಡೆಡ್‌ಲೈನ್ ಇದ್ದಾಗ ಅದು ಬೇಡ. ಆದ್ರೆ ಒಂದು ಸಲ, ಪುರುಸೊತ್ತಿದ್ದಾಗ, ನಿಮ್ಮ ಪ್ರಾಜೆಕ್ಟನ್ನು ಅದು ಹುಟ್ಟಿಲ್ಲದ ಊರಿನಲ್ಲಿ ಕಟ್ಟಿ ನೋಡಿ. ಬರೋ ಎರರ್‌ಗಳನ್ನು ಒಂದು ಪಟ್ಟಿ ಮಾಡಿ. "ಇದು ಎಲ್ಲರ ಹತ್ರ ಇದ್ದೇ ಇರುತ್ತೆ" ಅಂತ ನಿಮ್ಮ ಟೀಮು ಯಾರನ್ನೂ ಕೇಳದೆ ತೀರ್ಮಾನಿಸಿದ ಸಂಗತಿಗಳು ಅವು. ಅದರಲ್ಲಿ ಒಂದೆರಡನ್ನು ಸರಿಮಾಡೋಕೆ ಹತ್ತು ಸಾಲು ಕೋಡ್ ಸಾಕಾಗಬಹುದು. ಆ ಹತ್ತು ಸಾಲಿಗೆ ಪ್ರಮೋಷನ್ನೇನೂ ಸಿಗಲ್ಲ. ಇಎಂಐ ಲ್ಯಾಪ್‌ಟಾಪ್ ಹಿಡಿದುಕೊಂಡು ಬರೋ ಮುಂದಿನವರು ಮಾತ್ರ ಬಾಗಿಲಲ್ಲೇ ನಿಲ್ಲಬೇಕಾಗಲ್ಲ.