ಕಿಟಕಿಗೊಂದು ಹೆಸರು

ಕಳಸದ ನಮ್ಮ ಮನೆಯಲ್ಲಿ ಕೂತು ಪಿಎಚ್‌ಡಿ ಪ್ರಬಂಧದ ಮೂರನೇ ಅಧ್ಯಾಯ ಬರೆಯುತ್ತಿದ್ದ ಮಳೆಗಾಲವದು. ನನ್ನ ಸಂಶೋಧನೆ ಮೂಡಿಗೆರೆ, ಕಳಸದ ಕಾಫಿ ತೋಟಗಳ ಲೈನ್ ಮನೆಗಳಲ್ಲಿರುವ ಹೆಂಗಸರ ಬಗ್ಗೆ. ಅವರ ಮಾತನ್ನು ಒಂದು ಕಡತದಲ್ಲಿ ನಿಜ ಹೆಸರಿನೊಂದಿಗೇ ಬರೆದಿಡುತ್ತೇನೆ. ಅಧ್ಯಾಯಕ್ಕೆ ಬರುವಾಗ ಹೆಸರು ಬದಲಾಗಬೇಕು. "ನನ್ನ ಹೆಸ್ರು ಮಾತ್ರ ಹಾಕ್ಬೇಡಿ ಅಮ್ಮ, ರೈಟ್ರಿಗೆ ಗೊತ್ತಾದ್ರೆ ಕೆಲ್ಸ ಹೋಗುತ್ತೆ" ಎಂದವರಿದ್ದಾರೆ.

ಎರಡು ಕಡತಗಳನ್ನೂ ಈಮ್ಯಾಕ್ಸ್‌ನ ಎರಡು ಕಿಟಕಿಗಳಲ್ಲಿ ತೆರೆದಿಡುತ್ತಿದ್ದೆ. 1985ರಲ್ಲಿ ಹೊರಬಂದ ಗ್ನು ಈಮ್ಯಾಕ್ಸ್ ನನಗಿಂತ ಹಿರಿಯದು, ಆದರೆ ನನ್ನ ಹಳೇ ಲ್ಯಾಪ್‌ಟಾಪ್‌ಗೆ ಭಾರವಾಗದು. ಕಿಟಕಿಗಳನ್ನು ಜೋಡಿಸುವುದು ಐ-ತ್ರೀ. ಅದರಲ್ಲಿ ಒಂದರ ಮೇಲೊಂದು ಕಿಟಕಿ ಬೀಳುವುದಿಲ್ಲ. ಪರದೆಯನ್ನು ಪಾಲು ಮಾಡಿಕೊಂಡು ಅಕ್ಕಪಕ್ಕ ಕೂರುತ್ತವೆ. ನೋಡಲು ಎರಡೂ ಒಂದೇ. ಕರೆಂಟು ಹೋದ ಒಂದು ರಾತ್ರಿ, ಬ್ಯಾಟರಿ ಮುಗಿಯುವ ಗಡಿಬಿಡಿಯಲ್ಲಿ, ಟಿಪ್ಪಣಿಗೆ ಸೇರಬೇಕಿದ್ದ ಒಂದು ಪ್ಯಾರಾವನ್ನು ಅಧ್ಯಾಯದಲ್ಲಿ ಟೈಪಿಸಿ ಮಾರ್ಗದರ್ಶಕರಿಗೆ ಕಳಿಸಿಬಿಟ್ಟೆ. ಬೆಳಿಗ್ಗೆ ಅವರ ಉತ್ತರ: "ಇದು ನಿಜವಾದ ಹೆಸರೇನಮ್ಮಾ?"

ಅವರು ಆ ಪ್ರತಿ ಅಳಿಸಿದರು. ನನಗೆ ಮಾತ್ರ ಎರಡು ದಿನ ಊಟ ಸೇರಲಿಲ್ಲ.

ಆಮೇಲೆ ಕಿಟಕಿಗಳನ್ನು ಬೇರ್ಪಡಿಸಲು ಕೂತೆ. ಎಕ್ಸ್‌ಪ್ರಾಪ್ ಎಂಬ ಆಜ್ಞೆ ಕೊಟ್ಟು ಕಿಟಕಿಯ ಮೇಲೆ ಕ್ಲಿಕ್ಕಿಸಿದರೆ ಅದರ ಜಾತಕವೇ ಹೊರಬೀಳುತ್ತದೆ. ಅದರಲ್ಲಿ 'ಕ್ಲಾಸ್' ಎಂಬ ಸಾಲಿಗೆ ಎರಡು ಹೆಸರು: ಮೊದಲನೆಯದು ಆ ಕಿಟಕಿಯದು, ಎರಡನೆಯದು ಅದರ ಕುಲದ್ದು. ನಮ್ಮೂರಲ್ಲಿ ಇಬ್ಬರು ಮಂಜಪ್ಪರಿದ್ದರೆ ಮನೆಯ ಹೆಸರು ಸೇರಿಸಿ ಕರೆಯುತ್ತೇವಲ್ಲ, ಇಲ್ಲಿ ಅದು ತಿರುಗಾಮುರುಗಾ. ಮನೆ ಒಂದೇ, ಮಂಜಪ್ಪನ ಹೆಸರನ್ನೇ ಬದಲಿಸಬೇಕು. ಇದು ತಿಳಿಯದೆ ಮೊದಲು ಕುಲದ ಹೆಸರನ್ನೇ ಹಿಡಿದು ಐ-ತ್ರೀಗೆ ನಿಯಮ ಬರೆದೆ. ಎರಡು ಕಿಟಕಿಗಳೂ ಒಟ್ಟಿಗೇ ಒಂಬತ್ತನೇ ಅಂಗಳಕ್ಕೆ ಹೋಗಿ ಕೂತವು!

ಉಪಾಯ ಸುಲಭದ್ದೇ ಆಗಿತ್ತು. ಈಮ್ಯಾಕ್ಸ್ ಶುರು ಮಾಡುವ ಆಜ್ಞೆಗೆ '--ನೇಮ್ ಲೈನ್' ಎಂಬ ಬಾಲ ಹಚ್ಚಿದರೆ ಆ ಕಿಟಕಿಯ ಮೊದಲ ಹೆಸರು 'ಲೈನ್' ಆಗುತ್ತದೆ, ಕುಲ ಹಾಗೇ ಉಳಿಯುತ್ತದೆ. ಆ ಹೆಸರಿನದು ತೆರೆದಾಗಲೆಲ್ಲ ಒಂಬತ್ತನೇ ಅಂಗಳಕ್ಕೇ ಹೋಗಲಿ, ಅದರ ಅಂಚು ದಪ್ಪಗಿರಲಿ ಎಂದು ಐ-ತ್ರೀಗೆ ಎರಡು ಸಾಲು ಬರೆದೆ. ಹಿನ್ನೆಲೆಗೆ ತಿಳಿಹಳದಿ ಬಣ್ಣವನ್ನೂ ಕೊಟ್ಟೆ. ಈಗ ನಿದ್ದೆಗಣ್ಣಲ್ಲೂ ಗೊತ್ತಾಗುತ್ತದೆ.

ಮುಂದಿನ ವಾರ ಬಸ್ಸು ಹಿಡಿದು ಆ ಲೈನ್ ಮನೆಗೆ ಹೋದೆ. ಹೇಳದೆ ಇರಲಾಗಲಿಲ್ಲ. ಆಕೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು.

"ಯಾರ್ ಯಾರು ಓದಿದ್ರು?"

"ನಮ್ಮ ಮೇಷ್ಟ್ರು ಒಬ್ರೇ."

ಮೊರದಿಂದ ತಲೆ ಎತ್ತಲಿಲ್ಲ. ನಾನು ಕಿಟಕಿ, ಹೆಸರು, ಹಳದಿ ಬಣ್ಣ ಎಂದೆಲ್ಲ ವಿವರಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು:

"ಅದಕ್ಕೆ ನನ್ನ ಹೆಸ್ರು ಇಟ್ಟಿಲ್ಲ ತಾನೆ?"

"ಇಲ್ಲ. 'ಲೈನ್' ಅಂತ, ಅಷ್ಟೇ."