ಮಾನಸೋಲ್ಲಾಸದ ಇಲಿ, ಖದಿರಸಾರನ ಕಾಗೆ

ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವನ್ನು ಕನ್ನಡ ವಿದ್ವಾಂಸರು ನೆನೆಯುವುದು ಹೆಚ್ಚಾಗಿ ಸಂಗೀತ, ಚಿತ್ರಕಲೆ, ಗಜಶಾಸ್ತ್ರಗಳ ಚರ್ಚೆಯಲ್ಲಿ. ನೂರು ಅಧ್ಯಾಯಗಳ ಈ ಸಂಸ್ಕೃತ ವಿಶ್ವಕೋಶದ ಮೂರನೆಯ ವಿಂಶತಿಯಲ್ಲಿ ಅನ್ನಭೋಗವೆಂಬ ಪ್ರಕರಣವೊಂದಿದೆ. ಅದರಿಂದಲೂ ಆಯ್ದ ಕೆಲವು ಮಾತುಗಳು ಮಾತ್ರ ಮತ್ತೆಮತ್ತೆ ಉಲ್ಲೇಖಗೊಳ್ಳುತ್ತವೆ. ಉದ್ದಿನ ಹಿಟ್ಟಿನ ‘ಇಡ್ಡರಿಕಾ’ ಇಂದಿನ ಇಡ್ಲಿಯ ಪೂರ್ವರೂಪವೆಂದು, ‘ದೋಸಕ’ವೇ ದೋಸೆಯೆಂದು, ‘ವಟಿಕಾ’ ಎಂಬುದು ವಡೆಯೆಂದು ಲೇಖನಗಳು ಸಂಭ್ರಮಿಸುತ್ತವೆ. ಅದೇ ಪ್ರಕರಣದ ಮಾಂಸಪಾಕದ ಭಾಗ ಬಂದಾಗ ಪುಟಗಳು ಅವಸರದಲ್ಲಿ ಮಗುಚಿಕೊಳ್ಳುತ್ತವೆ.

ಆ ಪುಟಗಳಲ್ಲಿ ಏನಿದೆ? ಹೊಳೆದಂಡೆಯಲ್ಲೂ ಹೊಲಗಳಲ್ಲೂ ಬಿಲ ಮಾಡಿಕೊಂಡಿರುವ ಕರಿಯ ಇಲಿಗಳಿವೆ. ಬಾಲ ಹಿಡಿದು ಕಾದ ಎಣ್ಣೆಯಲ್ಲಿ ಅದ್ದಿ ರೋಮ ಕಳಚುವುದು, ಬಿಸಿನೀರಿನಲ್ಲಿ ತೊಳೆಯುವುದು, ಹೊಟ್ಟೆ ಸೀಳಿ ಹುಳಿ ಉಪ್ಪು ಬೆರೆಸಿ ಬೇಯಿಸುವುದು ಒಂದು ಕ್ರಮ. ಕಬ್ಬಿಣದ ಸರಳಿಗೆ ಚುಚ್ಚಿ ನಿಗಿನಿಗಿ ಕೆಂಡದ ಮೇಲೆ ಸುಟ್ಟು, ಹೊರಚರ್ಮ ಸುಕ್ಕಿದಾಗ ಉಪ್ಪು ಜೀರಿಗೆ ಉದುರಿಸುವುದು ಇನ್ನೊಂದು. ಆಮೆಯನ್ನು ಸುಟ್ಟು ಚಿಪ್ಪು, ಕಾಲು ತೆಗೆದು ಬೇಯಿಸುವ ವಿಧಾನವೂ, ಹಂದಿಯ ಮಾಂಸವನ್ನು ಬರೆಯುವ ಓಲೆಗರಿಯಷ್ಟು ತೆಳುವಾಗಿ ಸೀಳುವ ವಿಧಾನವೂ, ಕರುಳಿನೊಳಗೆ ಮಜ್ಜೆ ತುಂಬಿ ಸುಡುವ ‘ಮಂಡಲೀಯ’ವೂ ಇವೆ. ಮಾಂಸಕ್ಕೆ ಓಲೆಗರಿಯ ಹೋಲಿಕೆ ಹೊಳೆದದ್ದು ಗ್ರಂಥ ಬರೆಯುವ ಅರಸನಿಗೆ ಸಹಜವೇ ಇರಬಹುದು.

ಗಮನಿಸಬೇಕಾದುದು ಇಲ್ಲಿನ ಧ್ವನಿಯನ್ನು. ಇಡ್ಡರಿಕೆಯನ್ನು ವರ್ಣಿಸುವ ಅದೇ ನಿರುದ್ವಿಗ್ನ ಸ್ವರದಲ್ಲಿ ಗ್ರಂಥಕಾರನು ಇಲಿಯನ್ನೂ ವರ್ಣಿಸುತ್ತಾನೆ. ಹೇಸಿಕೆಯೂ ಇಲ್ಲ, ಸಾಹಸದ ಹೆಮ್ಮೆಯೂ ಇಲ್ಲ. ಇದು ಬರಗಾಲದಲ್ಲಿ ಸಿಕ್ಕಿದ್ದನ್ನು ತಿಂದವರ ಕಥೆಯಲ್ಲ. 12ನೆಯ ಶತಮಾನದ ಒಬ್ಬ ಚಕ್ರವರ್ತಿಯ ಉಪಭೋಗಗಳ ಪಟ್ಟಿಯಲ್ಲಿ ಸುಗಂಧ, ತಾಂಬೂಲಗಳ ಜೊತೆ ಸೇರಿಕೊಂಡ ಭಕ್ಷ್ಯ.

ಒಂದು ಸ್ನಾತಕೋತ್ತರ ತರಗತಿಯಲ್ಲಿ ಈ ಭಾಗವನ್ನು ಅರಸನ ಹೆಸರು ಹೇಳದೆ ಓದಲಾಯಿತು. ತರಗತಿ ನಕ್ಕಿತು, ಮುಂದಿನ ಸಾಲಿನವರು ಸೆರಗು, ಕರವಸ್ತ್ರಗಳಿಂದ ಮೂಗು ಮುಚ್ಚಿಕೊಂಡರು. ಇದು ಸೋಮೇಶ್ವರನ ಅಡುಗೆಮನೆಯದೆಂದು ತಿಳಿಸಿದ ಕೂಡಲೇ ನಗೆ ನಿಂತು ಲೇಖನಿಗಳು ಹೊರಬಂದವು. ಇಲಿ ಅದೇ, ಕೆಂಡವೂ ಅದೇ. ತಟ್ಟೆ ಮಾತ್ರ ಬದಲಾಗಿತ್ತು. ಹಿಂದಿನ ಸಾಲಿನ ಒಬ್ಬ ವಿದ್ಯಾರ್ಥಿ ಮೊದಲು ನಕ್ಕಿರಲಿಲ್ಲ, ಆಮೇಲೆ ಬರೆದುಕೊಳ್ಳಲೂ ಇಲ್ಲ. ಎಲ್ಲರೂ ಹೊರಟ ಮೇಲೆ ಅಧ್ಯಾಪಕರ ಮೇಜಿನ ಬಳಿ ಬಂದು, “ನಮ್ಮಜ್ಜಿ ಸುಡೋದೂ ಹೀಗೇ ಸಾರ್. ಜೀರಿಗೆ ಹಾಕಲ್ಲ ಅಷ್ಟೆ” ಎಂದು ಹೇಳಿ ಹೋದ.

‘ವಿಚಿತ್ರ ಆಹಾರ’ವೆಂಬ ಮಾತಿನಲ್ಲಿ ವಿಚಿತ್ರವಾದುದು ಆಹಾರವೋ, ನೋಡುವ ಕಣ್ಣೋ ಎಂಬ ಪ್ರಶ್ನೆ ಜೈನ ಶ್ರಾವಕಾಚಾರವನ್ನು ಓದುವವರಿಗೆ ಹೊಸದಾಗಿರಲಾರದು. ಅಮೃತಚಂದ್ರಸೂರಿಯ ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಶ್ರಾವಕನು ಮೊದಲು ಬಿಡಬೇಕಾದವು ಮದ್ಯ, ಮಾಂಸ, ಮಧು ಮತ್ತು ಐದು ಉದುಂಬರ ಫಲಗಳು. ಜೇನು ಮಾಂಸದ ಪಕ್ಕದಲ್ಲಿ ನಿಂತಿದೆ. ಅತ್ತಿ, ಆಲ, ಅರಳಿಗಳ ಹಣ್ಣು ಕಳ್ಳಿನ ಸಾಲಿಗೆ ಸೇರಿದೆ. ದೇವರ ಅಭಿಷೇಕಕ್ಕೆ ಜೇನು ತರುವ ನೆರೆಮನೆಯವರಿಗೆ ಇದಕ್ಕಿಂತ ವಿಚಿತ್ರವಾದ ಪಂಕ್ತಿ ಬೇರೆ ಉಂಟೆ? ಅತ್ತಿಯ ಹಣ್ಣನ್ನು ಬಿಡಿಸಿ ನೋಡಿದವರಿಗೆ ಮಾತ್ರ ಕಾರಣ ತಿಳಿಯುತ್ತದೆ: ಒಳಗೆ ಕಣಜದ ಜಾತಿಯ ಸಣ್ಣ ಕೀಟಗಳು ಹುಟ್ಟಿ ಬೆಳೆದು ಸಾಯುತ್ತವೆ. ಗಡ್ಡೆ ಬಿಡುವವನು, ರಾತ್ರಿ ಉಣ್ಣದವನು ಬೇರೆಯವರ ಪಂಕ್ತಿಯಲ್ಲಿ ಎಷ್ಟು ಸಲ ವಿನೋದದ ವಸ್ತುವಾಗಿಲ್ಲ! ಆ ನಗೆಯನ್ನು ಉಂಡವನಿಗೆ ಇನ್ನೊಬ್ಬನ ತಟ್ಟೆಯತ್ತ ನಗುವ ಅಧಿಕಾರ ಕಡಿಮೆ.

ಈ ಸಂದರ್ಭದಲ್ಲಿ ಮರಳಿ ಓದಬೇಕಾದ ಕಥೆ ಖದಿರಸಾರನದು. 9ನೆಯ ಶತಮಾನದ ಕೊನೆಯಲ್ಲಿ ನಮ್ಮ ಬಂಕಾಪುರದಲ್ಲಿ ಪೂಜೆಗೊಂಡ ಗುಣಭದ್ರಾಚಾರ್ಯರ ‘ಉತ್ತರಪುರಾಣ’ದಲ್ಲಿ ಅದು ಬರುತ್ತದೆ. ಖದಿರಸಾರ ವಿಂಧ್ಯದ ಕಾಡಿನ ಬೇಡ. ಸಮಾಧಿಗುಪ್ತರೆಂಬ ಮುನಿಗಳಿಗೆ ನಮಸ್ಕರಿಸುತ್ತಾನೆ. ಅವರು ‘ಧರ್ಮಲಾಭವಾಗಲಿ’ ಎನ್ನುತ್ತಾರೆ. ಧರ್ಮವೆಂದರೇನು ಎಂದು ಕೇಳಿದವನಿಗೆ ಮದ್ಯಮಾಂಸಗಳನ್ನು ಬಿಡುವುದೆಂಬ ಉತ್ತರ ಬರುತ್ತದೆ. ಅದು ತನ್ನಿಂದಾಗದೆಂದು ಅವನು ನೇರವಾಗಿ ಹೇಳುತ್ತಾನೆ. ಬೇಟೆಯೇ ಬದುಕಾದವನು ಇನ್ನೇನು ಹೇಳಿಯಾನು? ಆಗ ಮುನಿಗಳು, ‘ಕಾಗೆಯ ಮಾಂಸವನ್ನು ಎಂದಾದರೂ ತಿಂದಿರುವೆಯಾ?’ ಎಂದು ಕೇಳುತ್ತಾರೆ. ಇಲ್ಲವೆನ್ನುತ್ತಾನೆ. ಹಾಗಾದರೆ ಅದನ್ನೇ ಬಿಡು ಎನ್ನುತ್ತಾರೆ.

ಮುನಿಗಳ ಈ ಮಾತಿನಲ್ಲಿ ಅಡಗಿರುವ ಮನುಷ್ಯಜ್ಞಾನ ದೊಡ್ಡದು. ಅವರು ಬೇಡನ ಅಡುಗೆಯನ್ನು ಹಳಿಯಲಿಲ್ಲ. ತಿನ್ನದೆಯೇ ಇದ್ದುದನ್ನು ತಿನ್ನೆನೆಂಬ ಸಂಕಲ್ಪವಾಗಿ ಮಾರ್ಪಡಿಸಿದರು, ಅಷ್ಟೆ. ಮೇಲುನೋಟಕ್ಕೆ ಅಗ್ಗದ ವ್ರತ. ಅದರ ಬೆಲೆ ತಿಳಿದದ್ದು ಕಾಯಿಲೆ ಬಿದ್ದಾಗ. ವೈದ್ಯರು ಸೂಚಿಸಿದ ಮದ್ದು ಕಾಗೆಯ ಮಾಂಸವೇ ಆಗಿತ್ತು. ಖದಿರಸಾರ ಒಪ್ಪಲಿಲ್ಲ. ಅವನನ್ನು ಒಪ್ಪಿಸಲೆಂದು ಭಾವಮೈದುನ ಶೂರವೀರ ಬರುತ್ತಿರುವಾಗ ದಾರಿಯ ಆಲದ ಮರದಡಿ ಯಕ್ಷಿಯೊಬ್ಬಳು ಅಳುತ್ತಿದ್ದಳು. ವ್ರತದ ಫಲವಾಗಿ ಖದಿರಸಾರ ತನಗೆ ಗಂಡನಾಗಲಿದ್ದಾನೆ, ನೀನು ಹೋಗಿ ಕಾಗೆ ತಿನ್ನಿಸಿ ಅದನ್ನು ಕೆಡಿಸಲಿರುವೆ ಎಂಬುದು ಅವಳ ದುಃಖ. ಈ ಸುದ್ದಿ ಕೇಳಿದ ಖದಿರಸಾರ ಕೊನೆಯ ಗಳಿಗೆಯಲ್ಲಿ ಎಲ್ಲ ಮಾಂಸವನ್ನೂ ಬಿಟ್ಟು ಶ್ರಾವಕವ್ರತಗಳನ್ನು ಹಿಡಿದು ಸತ್ತ. ಫಲವಾಗಿ ಯಕ್ಷಿಯ ಕೈಗೂ ಸಿಗದೆ ಸೌಧರ್ಮಕಲ್ಪಕ್ಕೆ ಹೋದ. ಅವನೇ ಮುಂದೆ ಮಗಧದ ಶ್ರೇಣಿಕನಾದನೆಂದು ಪುರಾಣ ಹೇಳುತ್ತದೆ. ಪಾಪ, ಯಕ್ಷಿಯ ಬಗ್ಗೆ ಕನಿಕರವಾಗದಿರದು; ಗುಣಭದ್ರರು ಇಲ್ಲಿ ಮುಗುಳ್ನಕ್ಕಿರಬೇಕು.

ಇದರ ಎದುರಿಗೆ ಜನ್ನನ ಯಶೋಧರನನ್ನು ಇಟ್ಟು ನೋಡಬೇಕು. 1209ರ ‘ಯಶೋಧರ ಚರಿತೆ’ಯಲ್ಲಿ ಅರಸ ಯಶೋಧರ ಪ್ರಾಣಿಬಲಿಗೆ ಒಪ್ಪದವನು. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯೊಂದನ್ನು ಬಲಿ ಕೊಡುತ್ತಾನೆ. ಕತ್ತಿ ಬಿದ್ದಾಗ ಅದು ಕೂಗುತ್ತದೆ. ಆ ಒಂದು ಹೊಡೆತಕ್ಕೆ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಳಿಗಳಾಗಿ ಜನ್ಮಜನ್ಮ ಅಲೆಯುತ್ತಾರೆ. ಅತ್ಯಂತ ಘೋರವಾದುದು ಆ ಬಲಿಯಲ್ಲ; ಈ ಕಥಾಪರಂಪರೆಯಲ್ಲಿ ಬರುವ ಶ್ರಾದ್ಧದ ಊಟ. ಸತ್ತ ತಂದೆಯ ತೃಪ್ತಿಗೆಂದು ಮಗ ಯಶೋಮತಿ ಬಡಿಸಿದ ಮಾಂಸ ತಂದೆಯದೇ ಆಗಿರುತ್ತದೆ. ಲೋಕದ ವಿಚಿತ್ರ ಆಹಾರಗಳ ಯಾವ ಪಟ್ಟಿಯೂ ಈ ತಟ್ಟೆಯನ್ನು ಮೀರಲಾರದು. ಹೊರನೋಟಕ್ಕೆ ಮಾತ್ರ ಅದು ದಿನಬಳಕೆಯ ಸಾಧಾರಣ ಅಡುಗೆ.

ಬಾಳಿಡೀ ಬೇಟೆಯಾಡಿದ ಬೇಡನು ಕಾಗೆಯೊಂದನ್ನು ಬಿಟ್ಟು ಏರಿದ. ಜೀವಿಯನ್ನು ಕೊಲ್ಲಲಾರೆನೆಂದ ಅರಸ ಹಿಟ್ಟನ್ನು ಕಡಿದು ಇಳಿದ. ಎರಡೂ ಕಥೆಗಳಲ್ಲಿ ತೂಗಿ ನೋಡಿದ್ದು ಸಂಕಲ್ಪವನ್ನು. ಸೋಯಾ ಹಿಟ್ಟಿಗೆ ಕೋಳಿಯ ರುಚಿ ಕಟ್ಟಿ ಸಸ್ಯಾಹಾರವೆಂದು ಮಾರುವ ಈ ಕಾಲದಲ್ಲಿ ಜನ್ನನ ಕಾವ್ಯಕ್ಕೆ ಹೊಸ ಟಿಪ್ಪಣಿ ಬೇಕಾಗುತ್ತದೆ. ಆದರೆ ಈ ಕಥೆಗಳನ್ನು ಹಿಡಿದು ಊಟದ ಜಾತಿಗಣತಿ ಮಾಡುವವರು ಅವುಗಳನ್ನು ತಲೆಕೆಳಗಾಗಿ ಓದುತ್ತಿದ್ದಾರೆ ಎನ್ನಲೇಬೇಕು.

ಇನ್ನೊಂದು ವಿಷಯ ಸಂಶೋಧಕರಿಗೆ ಸಂಬಂಧಿಸಿದ್ದು. ಅಡುಗೆಯ ಬಗ್ಗೆ ಕನ್ನಡದಲ್ಲಿ ಉಳಿದುಬಂದ ಹಳೆಯ ಪದ್ಯಗ್ರಂಥಗಳಲ್ಲಿ ಮುಖ್ಯವಾದದ್ದು 16ನೆಯ ಶತಮಾನದ ಆರಂಭದ ಜೈನಕವಿ ಮೂರನೆಯ ಮಂಗರಸನ ‘ಸೂಪಶಾಸ್ತ್ರ’. ಬದನೆ, ಹಲಸು, ಬಾಳೆಗಳ ಪಾಕಗಳನ್ನು ಷಟ್ಪದಿಯಲ್ಲಿ ಹೇಳುವ ಆ ಕೃತಿಯ ಸೊಗಸು ಸಣ್ಣದಲ್ಲ. ಮಾಂಸದ ಮಾತು ಅಲ್ಲಿಲ್ಲ, ಇರಬೇಕಾಗಿಯೂ ಇಲ್ಲ. ಅರಸನ ಇಲಿಗೆ ಸಂಸ್ಕೃತ ಶ್ಲೋಕ ದೊರೆಯಿತು, ಶ್ರಾವಕನ ಬದನೆಗೆ ಕನ್ನಡ ಷಟ್ಪದಿ ದೊರೆಯಿತು. ಮಲೆನಾಡಿನ ಚಗಳಿ ಇರುವೆಯ ಚಟ್ನಿಗೆ, ಗದ್ದೆಯ ಏಡಿಯ ಸಾರಿಗೆ, ಮೊದಲ ಮಳೆಗೆ ಹೊರಡುವ ರೆಕ್ಕೆಯ ಗೆದ್ದಲನ್ನು ಹುರಿಯುವ ಹದಕ್ಕೆ ಯಾವ ಓಲೆಗರಿಯೂ ದೊರೆಯಲಿಲ್ಲ. ಕಾದಂಬರಿಗಳಲ್ಲಿ ಅವು ಇಣುಕಿದ್ದು ತೀರ ಈಚೆಗೆ. ಸಾಹಿತ್ಯದಲ್ಲಿ ಆಹಾರಸಂಸ್ಕೃತಿ ಎಂಬ ಶೀರ್ಷಿಕೆಯ ಪ್ರಬಂಧಗಳು ಗ್ರಂಥಸ್ಥ ಅಡುಗೆಯನ್ನೇ ನಾಡಿನ ಅಡುಗೆಯೆಂದು ತಿಳಿದು ಮುಗಿದುಬಿಡುತ್ತವೆ.

ಆ ವಿದ್ಯಾರ್ಥಿ ವರ್ಷಾಂತ್ಯದ ಕಿರುಪ್ರಬಂಧಕ್ಕೆ ಮೊದಲು ಆರಿಸಿಕೊಂಡಿದ್ದ ವಿಷಯವನ್ನು ಬಿಟ್ಟು ಅಜ್ಜಿಯ ಅಡುಗೆಯನ್ನು ಬರೆಯಲು ಹೊರಟ. ಊರಿಗೆ ಹೋಗಿ ಕೇಳಿ ಬರೆದುಕೊಂಡು ಬಂದದ್ದು ನಾಲ್ಕೇ ಹಾಳೆ. ಉಪ್ಪು, ಹುಣಸೆ, ಕೆಂಡದ ಹದ, ಬಿಲಕ್ಕೆ ಹೊಗೆ ಹಾಕುವ ರೀತಿ ಎಲ್ಲವೂ ಇತ್ತು. ಕೊನೆಯ ಹಾಳೆಯ ಅಂಚಿನಲ್ಲಿ, ಪಾಕಕ್ಕೆ ಸೇರದ್ದೆಂದು ಪೆನ್ಸಿಲಿನಲ್ಲಿ ಗುರುತುಮಾಡಿದ್ದ ಎರಡು ಮಾತುಗಳಿದ್ದವು: ಕೊಯ್ಲಾದ ಮೇಲೆ ಮಾತ್ರ ಹಿಡಿಯುವುದು, ಮರಿಯಿರುವ ಬಿಲವೆಂದು ತಿಳಿದರೆ ಮಣ್ಣು ಮುಚ್ಚಿ ಬರುವುದು. ಅದನ್ನು ಅಳಿಸಬೇಡವೆಂದು ಅಧ್ಯಾಪಕರು ಹೇಳಿದರು.